ಭ್ರೂಣದ ರೂಪ ಮತ್ತು ವರ್ಣತಂತು ದೋಷ

ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಪ್ರಯೋಗಾಲಯದ ಭ್ರೂಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಗ್ರೇಡ್ ಕೊಡುವುದು ಒಂದು ಕೆಲಸ. ಅದರ ಜೀವಕೋಶಗಳಲ್ಲಿ 46 ವರ್ಣತಂತುಗಳು ಸರಿಯಾಗಿವೆಯೇ ಎಂದು ತಿಳಿಯುವುದು ಬೇರೆಯೇ ಕೆಲಸ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಜನ ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗೆ ಹೋಗುವುದು ರೂಢಿ. ಹಾಗೆ ಹೋದ ದಂಪತಿಯ ಕೈಗೆ ‘4ಎಎ’ ಎಂದು ಬರೆದ ಚೀಟಿ ಬಂದರೆ, ಮಗು ಆರೋಗ್ಯವಾಗಿರುತ್ತದೆ ಎಂಬ ಖಾತ್ರಿ ಅದರಲ್ಲಿಲ್ಲ.

ಐದನೆಯ ದಿನದ ಭ್ರೂಣಕ್ಕೆ ಬ್ಲಾಸ್ಟೊಸಿಸ್ಟ್ ಎಂದು ಹೆಸರು. 1999ರಲ್ಲಿ ಗಾರ್ಡ್ನರ್ ಮತ್ತು ಸ್ಕೂಲ್‌ಕ್ರಾಫ್ಟ್ ರೂಪಿಸಿದ ಕ್ರಮದಲ್ಲಿ 1ರಿಂದ 6ರವರೆಗಿನ ಅಂಕಿ ಅದು ಎಷ್ಟು ಉಬ್ಬಿದೆ ಎಂಬುದನ್ನೂ, ಮೊದಲ ಅಕ್ಷರ ಮುಂದೆ ಮಗುವಾಗುವ ಒಳಕೋಶಗಳ ಗುಣವನ್ನೂ, ಎರಡನೆಯದು ಮಾಸಾಗುವ ಹೊರಪದರದ ಗುಣವನ್ನೂ ಹೇಳುತ್ತದೆ. ಒಳ್ಳೆಯ ಗ್ರೇಡಿನ ಭ್ರೂಣ ಗರ್ಭಾಶಯದಲ್ಲಿ ನೆಲೆಗೊಳ್ಳುವ ಸಂಭವ ಹೆಚ್ಚು. ವರ್ಣತಂತು ದೋಷವಿರುವ ಭ್ರೂಣಗಳು ಸರಾಸರಿಯಲ್ಲಿ ಕೊಂಚ ಕೆಳಗಿನ ಗ್ರೇಡ್ ಪಡೆಯುತ್ತವೆ, ನಿಜ. ಆದರೆ 21ನೆಯ ವರ್ಣತಂತು ಮೂರಿರುವ, ಡೌನ್ ಸಿಂಡ್ರೋಮಿಗೆ ಕಾರಣವಾಗುವ ಭ್ರೂಣವೂ ಹೊತ್ತಿಗೆ ಸರಿಯಾಗಿ ವಿಭಜಿಸಿ ಅಂದವಾಗಿ ಕಾಣಬಲ್ಲದು. ಕೆಳಗಿನ ಗ್ರೇಡಾದ ‘ಸಿ’ ಪಡೆದದ್ದರಲ್ಲೂ ವರ್ಣತಂತುಗಳು ನೆಟ್ಟಗಿರಬಹುದು.

ದೋಷದ ಮೂಲ ಹೆಚ್ಚಾಗಿ ಅಂಡದಲ್ಲಿದೆ. ಹೆಣ್ಣು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅವಳ ಅಂಡಗಳು ವಿಭಜನೆಯನ್ನು ಅರ್ಧಕ್ಕೆ ನಿಲ್ಲಿಸಿ ದಶಕಗಳ ಕಾಲ ಕಾಯುತ್ತವೆ. ವರ್ಣತಂತುಗಳನ್ನು ಹಿಡಿದಿಡುವ ಕೊಹೀಸಿನ್ ಎಂಬ ಪ್ರೋಟೀನು ವಯಸ್ಸಿನೊಂದಿಗೆ ಸಡಿಲವಾಗಿ ಹಂಚಿಕೆ ತಪ್ಪುತ್ತದೆ. ಇದು ಯಾರ ಪಾಪಕ್ಕೂ ಯಾವ ಶಾಪಕ್ಕೂ ಸೇರಿದ್ದಲ್ಲ. 2014ರಲ್ಲಿ ಪ್ರಕಟವಾದ 15,169 ಭ್ರೂಣಗಳ ಅಧ್ಯಯನದಲ್ಲಿ ದೋಷ ಅತಿ ಕಡಿಮೆ ಕಂಡದ್ದು 26ರಿಂದ 30 ವಯಸ್ಸಿನವರಲ್ಲಿ. ಪರೀಕ್ಷಿಸಿದ ಭ್ರೂಣಗಳಲ್ಲಿ ಸರಿಯಾದದ್ದು ಒಂದೂ ಸಿಗದ ಪ್ರಮಾಣ 42ರಲ್ಲಿ ಶೇ. 33, 44ರಲ್ಲಿ ಶೇ. 53.

ವರ್ಣತಂತು ಎಣಿಸಲು ಪಿಜಿಟಿ-ಎ ಪರೀಕ್ಷೆಯಿದೆ. ಹೊರಪದರದ ಐದಾರು ಕೋಶಗಳನ್ನು ತೆಗೆದು, ಭ್ರೂಣವನ್ನು ಶೈತ್ಯದಲ್ಲಿಟ್ಟು, ವರದಿಗೆ ಕಾಯಬೇಕು. ಸರಿ ಮತ್ತು ತಪ್ಪು ಕೋಶಗಳೆರಡೂ ಬೆರೆತ ಮೊಸಾಯಿಕ್ ಭ್ರೂಣಗಳೂ ಸಿಗುತ್ತವೆ. 2015ರಲ್ಲಿ ಪ್ರಕಟವಾದ ವರದಿಯಂತೆ, ಇಟಲಿಯ ವೈದ್ಯರು ಅಂಥವನ್ನು 18 ಮಹಿಳೆಯರಿಗೆ ಕಸಿ ಮಾಡಿದಾಗ ಆರು ಆರೋಗ್ಯವಂತ ಮಕ್ಕಳು ಹುಟ್ಟಿದವು. ಈ ಪರೀಕ್ಷೆ ಕೆಟ್ಟ ಭ್ರೂಣವನ್ನು ಒಳ್ಳೆಯದು ಮಾಡಲಾರದು. 2019ರ ಸ್ಟಾರ್ ಅಧ್ಯಯನ, 25ರಿಂದ 40 ವಯಸ್ಸಿನ 661 ಮಹಿಳೆಯರಲ್ಲಿ, ಒಟ್ಟಾರೆ ಗರ್ಭ ನಿಲ್ಲುವ ಪ್ರಮಾಣ ಇದರಿಂದ ಗಮನಾರ್ಹವಾಗಿ ಏರಲಿಲ್ಲವೆಂದು ಕಂಡಿತು. ಬಸ್ಸು, ಔಷಧಿ, ವಸತಿಗೇ ಸಾಲ ಮಾಡಿ ಬರುವ ಜೋಯಿಡಾದ ಯುವ ದಂಪತಿಗೆ ಇದನ್ನು ಕಡ್ಡಾಯವೆಂಬಂತೆ ಹೇಳುವುದು ಸಲ್ಲದು. ಮೇಲಿಂದ ಮೇಲೆ ಗರ್ಭಪಾತವಾದವರಿಗೆ ಮೊದಲು ಗಂಡಹೆಂಡಿರ ವರ್ಣತಂತುಗಳನ್ನೇ ನೋಡುವ ರಕ್ತದ ಕ್ಯಾರಿಯೋಟೈಪ್ ಪರೀಕ್ಷೆ ಹೆಚ್ಚು ಉಪಯುಕ್ತ. ಪಿಜಿಟಿ-ಎಯಲ್ಲಿ ಗೊತ್ತಾದರೂ ಭ್ರೂಣದ ಲಿಂಗ ತಿಳಿಸುವುದು ಲಿಂಗಪತ್ತೆ ತಡೆಯುವ 1994ರ ಕಾಯ್ದೆಯಡಿ ಅಪರಾಧ.

ಕರ್ನಾಟಕದ ಹಲವು ಸಮುದಾಯಗಳಲ್ಲಿ ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯಿದೆ. ಇಂಥ ಮದುವೆಗಳಲ್ಲಿ ಹೆಚ್ಚುವುದು ಮುಖ್ಯವಾಗಿ ಒಂದೊಂದೇ ಜೀನಿನ ಕಾಯಿಲೆಗಳು. ಪಿಜಿಟಿ-ಎ ಅವುಗಳನ್ನು ಗುರುತಿಸುವುದಿಲ್ಲ. ಆದ್ದರಿಂದ ನೆಂಟಸ್ತಿಕೆಯನ್ನೂ ಮನೆತನದ ಕಾಯಿಲೆಗಳನ್ನೂ ಮೊದಲ ಭೇಟಿಯಲ್ಲೇ ವೈದ್ಯರಿಗೆ ತಿಳಿಸಬೇಕು.