ಕೊಳವೆಯೂ ಅದರ ಕೀಲೂ

ಕೊಳವೆ ಒಡೆಯಿತು, ನೀರು ಪೋಲಾಯಿತು ಎಂದು ನಾವು ದೂರುವುದುಂಟು. ಅಗೆದು ನೋಡಿದರೆ ಹೆಚ್ಚಿನ ಸಂದರ್ಭಗಳಲ್ಲಿ ಕೊಳವೆಯ ಮೈ ಗಟ್ಟಿಯಾಗಿಯೇ ಇರುತ್ತದೆ. ಸೋತದ್ದು ಒಂದು ಕೊಳವೆ ಮತ್ತೊಂದನ್ನು ಕೂಡುವ ಕೀಲು. ಇತಿಹಾಸ ಬರೆಯುವವರು ಕೋಟೆ ಕೊತ್ತಲಗಳನ್ನು ಎಣಿಸುತ್ತಾರೆ, ಗುಮ್ಮಟಗಳನ್ನು ಅಳೆಯುತ್ತಾರೆ. ಮಣ್ಣಿನಡಿಯ ಕೀಲನ್ನು ಕೇಳುವವರಿಲ್ಲ. ಬೀದರ ಜಿಲ್ಲೆಯ ಮಟ್ಟಿಗಾದರೂ ಅದರ ಕಥೆಯನ್ನು ಹೇಳಬೇಕೆಂದು ನನಗೆ ಬಹುದಿನಗಳಿಂದ ಅನಿಸಿದೆ.

15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದಶಹನು ಕಲಬುರ್ಗಿಯನ್ನು ಬಿಟ್ಟು ಬೀದರಕ್ಕೆ ರಾಜಧಾನಿಯನ್ನು ತಂದನು. ಊರು ಎತ್ತರದ ಬಯಲಿನ ಮೇಲಿದೆ. ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು, ಕೆಳಗೆ ಬಿರುಸಾದ ಕರಿಕಲ್ಲು. ಮಳೆಯ ನೀರು ರಂಧ್ರಮಯವಾದ ಕೆಂಪುಕಲ್ಲಿನಲ್ಲಿ ಇಳಿದು ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ಪಾರಸಿಕ ದೇಶದ ವಿದ್ಯೆಯನ್ನು ಬಲ್ಲ ಕುಶಲಿಗಳು ಇದನ್ನು ಗುರುತಿಸಿ ನೌಬಾದಿನಲ್ಲಿ ಕರೇಜನ್ನು ತೋಡಿದರು. ನೆಲದಡಿಯಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕಿ ಸಾಗುವ ಸುರಂಗ, ಅದರ ಉದ್ದಕ್ಕೂ ಬಾವಿಯಂತೆ ಬಾಯ್ದೆರೆದ ಗಾಳಿಗಂಡಿಗಳು. ಯಂತ್ರವಿಲ್ಲ, ರಾಟೆಯಿಲ್ಲ, ಇಳಿಜಾರೊಂದೇ ನೀರನ್ನು ಒಯ್ಯಬೇಕು. ಕೊರೆದ ಸುರಂಗಕ್ಕೆ ಕೀಲೆಂಬುದೇ ಇಲ್ಲವಾದುದರಿಂದ ಅದು ಸಡಿಲುವ ಪ್ರಶ್ನೆಯೂ ಇಲ್ಲ!

ಆದರೆ ಎಲ್ಲ ಊರಿಗೂ ಇಂಥ ಕಲ್ಲು ದೊರೆಯುವುದಿಲ್ಲ. ಬಹಮನಿ ರಾಜ್ಯ ಒಡೆದು ಹೋಳಾದ ಮೇಲೆ ಬಿಜಾಪುರವನ್ನಾಳಿದ ಆದಿಲಶಾಹಿಗಳು ಕೊಳವೆಯನ್ನೂ ಆಶ್ರಯಿಸಬೇಕಾಯಿತು. 1651ರಲ್ಲಿ ಕಟ್ಟಿದ ಬೇಗಂ ತಾಲಾಬಿನಿಂದ ನಗರಕ್ಕೆ ಸುಟ್ಟ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಒಂದನ್ನೊಂದಕ್ಕೆ ಕೂಡಿಸಿ, ಸುತ್ತಲೂ ಗಾರೆಯ ಕಟ್ಟಡವನ್ನೇ ಕಟ್ಟಿ ಅವನ್ನು ಹೂಳಿದ್ದರು. ದಾರಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಎತ್ತರದ ನೀರುಗೋಪುರಗಳು. ನೀರು ಅಲ್ಲಿ ಮೇಲೇರಿ, ಒತ್ತಡವನ್ನು ಕಳೆದುಕೊಂಡು, ಕೆಸರನ್ನು ಕೆಳಗಿಳಿಸಿ ಮುಂದೆ ಹೋಗುತ್ತಿತ್ತು. ಪ್ರವಾಸಿಗರು ಈ ಗೋಪುರಗಳನ್ನು ಕಾವಲು ಬುರುಜುಗಳೆಂದು ತಿಳಿದರೆ ಆಶ್ಚರ್ಯವಿಲ್ಲ. ಅವು ಕಾಯುತ್ತಿದ್ದುದು ಕೀಲನ್ನು! ಸುಣ್ಣದ ಗಾರೆಗೆ ಒಂದು ಗುಣವಿದೆ. ನೆಲ ಕೊಂಚ ಅಲುಗಿದರೆ ಅದೂ ಕೊಂಚ ಬಾಗುತ್ತದೆ. ಕೂದಲೆಳೆಯ ಬಿರುಕು ಬಿಟ್ಟರೆ ನೀರಿನಲ್ಲಿ ಕರಗಿದ ಸುಣ್ಣವೇ ಅದನ್ನು ಮೆಲ್ಲಗೆ ಮುಚ್ಚುತ್ತದೆ.

ಕಾಂಕ್ರೀಟಿನ ಕೊಳವೆ ಬಂದದ್ದು ಬಹಳ ತಡವಾಗಿ. ಪ್ಯಾರಿಸಿನ ತೋಟಗಾರ ಜೋಸೆಫ್ ಮೋನಿಯೆ ಗಿಡದ ತೊಟ್ಟಿಗಳು ಬಿರಿಯದಿರಲೆಂದು ಸಿಮೆಂಟಿನಲ್ಲಿ ಕಬ್ಬಿಣದ ಬಲೆಯಿಟ್ಟು 1867ರಲ್ಲಿ ಸ್ವಾಮ್ಯಪತ್ರ ಪಡೆದನು. ಕೊಳವೆಯ ಸರದಿ ಮರುವರ್ಷವೇ ಬಂದಿತು. ಬಲೆ ಏಕೆ ಬೇಕು? ಹೂಳಿದ ಕೊಳವೆಯ ಮೇಲೆ ಮಣ್ಣಿನ, ಗಾಡಿಯ ಭಾರ ಬಿದ್ದಾಗ ದುಂಡಗಿನ ಬಾಯಿ ತತ್ತಿಯಾಕಾರಕ್ಕೆ ತಿರುಗಲೆಳಸುತ್ತದೆ. ಕಾಂಕ್ರೀಟು ಒತ್ತಡಕ್ಕೆ ಶೂರ, ಸೆಳೆತಕ್ಕೆ ಹೇಡಿ. ಆ ಸೆಳೆತವನ್ನು ಕಬ್ಬಿಣ ಹೊರುತ್ತದೆ. 1910ರಲ್ಲಿ ಆಸ್ಟ್ರೇಲಿಯದ ವಾಲ್ಟರ್ ಹ್ಯೂಮ್ ಅಚ್ಚನ್ನು ಗರಗರನೆ ತಿರುಗಿಸಿ ಕಾಂಕ್ರೀಟನ್ನು ಗೋಡೆಗೆ ಬಿಗಿಯಾಗಿ ಕೂಡಿಸುವ ಉಪಾಯ ಕಂಡುಹಿಡಿದನು. ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹೀರಾಚಂದರು 1926ರಲ್ಲಿ ಇಂಡಿಯನ್ ಹ್ಯೂಮ್ ಪೈಪ್ ಕಂಪನಿಯನ್ನು ಸ್ಥಾಪಿಸಿದರು. ಬೆಂಗಳೂರಿನ ವಿಮಾನ ಕಾರ್ಖಾನೆಗೆ 1940ರಲ್ಲಿ ಅಡಿಗಲ್ಲಾದವರೂ ಅವರೇ. ವಿಮಾನಕ್ಕಾಗಿ ಅವರನ್ನು ನೆನೆಯುವವರಿದ್ದಾರೆ. ಆದರೆ ಹಳ್ಳಿ ಹಳ್ಳಿಯ ಬಾಯಲ್ಲಿ ಉಳಿದುದು ‘ಹ್ಯೂಮ್ ಪೈಪು’.

ಈ ಪೈಪಿಗೆ ಔರಾದ ತಾಲ್ಲೂಕಿನಲ್ಲಿ ಕಠಿಣ ಪರೀಕ್ಷೆಯಿದೆ. ಬೀದರದ ಕೆಂಪುಕಲ್ಲು ಮುಗಿದು ಮಾಂಜರಾ ನದಿಯ ಕಡೆಗೆ ಇಳಿದರೆ ಎರೆಭೂಮಿ. ಮಳೆಗಾಲದಲ್ಲಿ ಹಿಟ್ಟಿನಂತೆ ಉಬ್ಬುವ ಈ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಸಂತಪುರದ ಹತ್ತಿರ ಒಂದು ಬೇಸಿಗೆಯಲ್ಲಿ ಮೋರಿಗೆ ಕೊಳವೆ ಇಡುವುದನ್ನು ನಾನು ನಿಂತು ನೋಡಿದೆ. ಎರಡು ಕೊಳವೆಗಳ ತುದಿಯನ್ನು ಒಂದು ಕಾಂಕ್ರೀಟಿನ ಪಟ್ಟಿ ಬಳಸಿಕೊಂಡಿತ್ತು. ಡಾಂಬರಿನಲ್ಲಿ ಅದ್ದಿದ ಸೆಣಬಿನ ಹುರಿಯನ್ನು ಸಂದಿಗೆ ತುರುಕಿ, ಅರೆದೇವದ ಸಿಮೆಂಟು ಗಾರೆಯನ್ನು ಉಳಿಯಿಂದ ಬಡಿದು ಕೂರಿಸುತ್ತಿದ್ದರು. ಮೇಲೆ ಒದ್ದೆಯ ಗೋಣಿತಟ್ಟು. ಕೆಲಸವೇನೋ ಚೊಕ್ಕಟವಾಗಿತ್ತು. ಆದರೆ ಸಿಮೆಂಟಿನ ಕೀಲಿಗೆ ಬಾಗುವುದು ಗೊತ್ತಿಲ್ಲ. ಎರೆಮಣ್ಣು ಒಂದು ಕೊಳವೆಯನ್ನು ಎತ್ತಿ ಮತ್ತೊಂದನ್ನು ಇಳಿಸಿತೆಂದರೆ ಬಿರಿಯುವುದು ಅದೇ. ಬಲ್ಲವರು ಎರೆಯನ್ನು ತೆಗೆದು ಮುರುಮಿನ ಹಾಸಿಗೆ ಹಾಕುತ್ತಾರೆ; ಇಲ್ಲವೇ ಒಂದರ ಮೂತಿ ಇನ್ನೊಂದರ ಬಾಯಲ್ಲಿ ಕೂರುವ ಕೊಳವೆಗಳನ್ನು ತಂದು ನಡುವೆ ರಬ್ಬರಿನ ಬಳೆ ತೊಡಿಸುತ್ತಾರೆ. ಬಳೆ ಅದುಮಿಕೊಂಡು ನೀರನ್ನು ತಡೆಯುತ್ತದೆ, ಕೊಳವೆ ಚೂರು ಓರೆಯಾದರೂ ಬಿಟ್ಟುಕೊಡುವುದಿಲ್ಲ. ಸುಣ್ಣದ ಗಾರೆಗಿದ್ದ ಸೈರಣೆ ಹೀಗೆ ಮೂರು ಶತಮಾನ ದಾಟಿ ರಬ್ಬರಿನಲ್ಲಿ ಮರಳಿ ಬಂತೆನ್ನಬೇಕು.

ಮನೆಗಳಿಗೆ ನೀರೊಯ್ಯಲು ಈಗ ಪ್ಲಾಸ್ಟಿಕ್ ಕೊಳವೆ ಬಂದಿದ್ದರೂ ಮೋರಿಗೂ ದೊಡ್ಡ ಚರಂಡಿಗೂ ಕಾಂಕ್ರೀಟು ಬೇಕೇ ಬೇಕು. ಅಲ್ಲಿಯೇ ಅಪಾಯವಿರುವುದು. ದಿನಕ್ಕೊಂದು ಹೊತ್ತು ಮಾತ್ರ ನಲ್ಲಿ ಬರುವ ಊರಿನಲ್ಲಿ ನೀರಿನ ಕೊಳವೆ ಉಳಿದ ಹೊತ್ತೆಲ್ಲ ಬರಿದಾಗಿರುತ್ತದೆ. ಪಕ್ಕದ ಚರಂಡಿಯ ಕೀಲಿನಿಂದ ಜಿನುಗಿದ್ದು ಇದರ ಕೀಲಿನೊಳಗೆ ನುಸುಳಬಲ್ಲದು. ನಗರಗಳಲ್ಲಿ ವಾಂತಿಭೇದಿಯ ಹಿಂದೆ ಹಲವು ಸಲ ಇದೇ ಇರುತ್ತದೆ. ಬೀದರದಲ್ಲಿ ಇನ್ನೂ ಒಂದು ತೊಡಕು. ಮಳೆನೀರನ್ನು ಇಳಿಸಿ ಕರೇಜನ್ನು ತುಂಬಿಸಿದ ಆ ಕೆಂಪುಕಲ್ಲು ಚರಂಡಿಯ ನೀರನ್ನೂ ಬೇಡವೆನ್ನುವುದಿಲ್ಲ. ಅದು ಇಳಿದು ಸೇರುವುದು ಬಾವಿಯ ಸೆಲೆಗೆ. ನೌಬಾದಿನ ಗಾಳಿಗಂಡಿಗಳಲ್ಲಿ ಕೆಲವನ್ನು ಮಣ್ಣು ಕಸ ಮುಚ್ಚಿದ್ದವು; ಈಚಿನ ವರ್ಷಗಳಲ್ಲಿ ಅವನ್ನು ಅಗೆದು ತೆರೆಯುವ ಕೆಲಸ ನಡೆಯಿತು. ಆ ಸುರಂಗದ ಮೇಲ್ಗಡೆ ಚರಂಡಿ ಹೂಳುವವರು ಮಣ್ಣು ಮುಚ್ಚುವ ಮೊದಲು ಕೊಳವೆಯ ಎರಡು ತುದಿಗಳನ್ನೂ ಬಿರಡೆಯಿಟ್ಟು ಕಟ್ಟಿ, ನೀರು ತುಂಬಿಸಿ, ಪ್ರತಿಯೊಂದು ಕೀಲನ್ನೂ ಕಣ್ಣಾರೆ ನೋಡಬೇಕು. ಅದಕ್ಕೆ ಹಿಡಿಯುವುದು ಒಂದೆರಡು ದಿನ.