ದೂರದಿಂದ ಬೀಜಗಣಿತ: ಅಂಚೆಯ ಪಾಠದಿಂದ ಆನ್‌ಲೈನ್ ವ್ಯಾಸಂಗದವರೆಗೆ

ಅಮೆರಿಕ ಸಂಯುಕ್ತ ಸಂಸ್ಥಾನದ ಕಾಲೇಜುಗಳಲ್ಲಿ ‘ಕಾಲೇಜು ಬೀಜಗಣಿತ’ ಎಂಬ ಪಾಠಕ್ರಮವೊಂದುಂಟು. ಸಮೀಕರಣಗಳು, ಬಹುಪದೋಕ್ತಿಗಳು, ಫಲನಗಳು, ಘಾತಾಂಕಗಳು, ಲಾಗರಿತಮ್ ಮೊದಲಾದವು ಅದರ ವಸ್ತು. ನಮ್ಮ ಪದವಿಪೂರ್ವ ತರಗತಿಗಳಲ್ಲಿ ಬೋಧಿಸುವ ವಿಷಯಕ್ಕೆ ಅದು ಬಹುಮಟ್ಟಿಗೆ ಸಮೀಪವಾದುದು. ಗಣಿತವನ್ನು ಮುಖ್ಯ ವಿಷಯವನ್ನಾಗಿ ಆರಿಸಿಕೊಳ್ಳದ ವಿದ್ಯಾರ್ಥಿಗಳು ಸಹ ಅನೇಕ ಕಾಲೇಜುಗಳಲ್ಲಿ ಪದವಿಗಾಗಿ ಇದನ್ನು ದಾಟಲೇಬೇಕಾಗುತ್ತದೆ. ಆದಕಾರಣ ಈ ಪಾಠಕ್ರಮವು ಅಲ್ಲಿನ ಉನ್ನತ ಶಿಕ್ಷಣದ ಹೆಬ್ಬಾಗಿಲೂ ಹೌದು, ಬಹುಮಂದಿ ಹಿಂದಿರುಗಿ ಹೋಗುವ ಹೊಸ್ತಿಲೂ ಹೌದು. ತರಗತಿಗೆ ಬಾರದೆ, ಗಣಕಯಂತ್ರದ ಮುಂದೆ ಕುಳಿತು, ಇದನ್ನು ಆನ್‌ಲೈನ್ ಮೂಲಕ ಕಲಿಯುವ ಏರ್ಪಾಡು ಈಗ ಸಾಮಾನ್ಯವಾಗಿದೆ. ಇದು ಹಿಂದೆಂದೂ ಕಾಣದ ಪ್ರಯೋಗವೆಂದು ಕೆಲವರು ಕೊಂಡಾಡಿದರೆ, ಗುರುಶಿಷ್ಯ ಸಂಬಂಧಕ್ಕೆ ಬಂದ ಕುತ್ತೆಂದು ಮತ್ತೆ ಕೆಲವರು ಶಂಕಿಸುತ್ತಾರೆ. ಚರಿತ್ರೆಯನ್ನು ಅವಲೋಕಿಸಿದಲ್ಲಿ ಈ ಎರಡು ಅಭಿಪ್ರಾಯಗಳೂ ಅಪೂರ್ಣವೆಂದು ತೋರುತ್ತದೆ.

ಪ್ರಸ್ತುತ ಲೇಖನದಲ್ಲಿ ನಾವು ಪ್ರತಿಪಾದಿಸಬಯಸುವ ಅಂಶ ಇಷ್ಟು: ಪಾಠವನ್ನು ದೂರದ ವಿದ್ಯಾರ್ಥಿಗೆ ಮುಟ್ಟಿಸುವ ಸಮಸ್ಯೆಯನ್ನು ಪ್ರತಿಯೊಂದು ಕಾಲವೂ ತನಗೆ ದೊರೆತ ಸಾಧನದಿಂದ ಬಗೆಹರಿಸಿಕೊಂಡಿದೆ. ವಿದ್ಯಾರ್ಥಿ ಮಾಡಿದ ಲೆಕ್ಕವು ಬಲ್ಲವರೊಬ್ಬರ ಕೈಗೆ ಹಿಂದಿರುಗಿ ಬಂದು, ತಿದ್ದುಪಡಿ ಹೊಂದಿ, ಮತ್ತೆ ಅವನನ್ನು ಸೇರುವ ಕೆಲಸವೇ ಕಷ್ಟವಾದುದು. ಹೆಚ್ಚು ವೆಚ್ಚವನ್ನು ಬೇಡುವುದೂ ಅದೇ. ದೂರಶಿಕ್ಷಣದ ಏಳುಬೀಳುಗಳನ್ನು ಈ ಮರುದಾರಿಯಿಂದಲೇ ಅಳೆಯತಕ್ಕದ್ದು.

೧. ಅಂಚೆಯ ಕಾಲ

ಅಂಚೆಯ ಮೂಲಕ ಪಾಠ ಹೇಳಿದವರಲ್ಲಿ ಐಸಾಕ್ ಪಿಟ್‌ಮನ್ನನನ್ನು ಮೊದಲಿಗರಲ್ಲಿ ಒಬ್ಬನೆಂದು ಗಣಿಸುವುದು ವಾಡಿಕೆ. ಇಂಗ್ಲೆಂಡಿನಲ್ಲಿ ೧೮೪೦ರಲ್ಲಿ ಒಂದು ಪೆನ್ನಿಯ ಅಂಚೆ ದರ ಜಾರಿಗೆ ಬಂದೊಡನೆ ಅವನು ಅದನ್ನು ತನ್ನ ಶೀಘ್ರಲಿಪಿಯ ಬೋಧನೆಗೆ ಬಳಸಿಕೊಂಡನು. ವಿದ್ಯಾರ್ಥಿಗಳು ಬೈಬಲಿನ ಭಾಗಗಳನ್ನು ಶೀಘ್ರಲಿಪಿಯಲ್ಲಿ ಬರೆದು ಕಳುಹಿಸುತ್ತಿದ್ದರು. ಅವನು ತಿದ್ದಿ ಹಿಂದಿರುಗಿಸುತ್ತಿದ್ದನು. ಇಲ್ಲಿ ಅಂಚೆಯು ಹೋಗುವ ದಾರಿಯಷ್ಟೇ ಬರುವ ದಾರಿಯೂ ಆಗಿದ್ದಿತೆಂಬುದು ಗಮನಾರ್ಹ. ಇದಕ್ಕೆ ವ್ಯತಿರಿಕ್ತವಾಗಿ ಲಂಡನ್ ವಿಶ್ವವಿದ್ಯಾನಿಲಯವು ೧೮೫೮ರಲ್ಲಿ ಎಲ್ಲಿ ಓದಿದವರಿಗೂ ತನ್ನ ಪದವಿ ಪರೀಕ್ಷೆಗಳನ್ನು ತೆರೆದಾಗ, ಅದು ಪರೀಕ್ಷಿಸುವ ಭಾರವನ್ನು ಹೊತ್ತಿತೇ ವಿನಾ ಬೋಧಿಸುವ ಭಾರವನ್ನು ಹೊರಲಿಲ್ಲ. ಆ ತೆರವನ್ನು ತುಂಬಲು ಖಾಸಗಿ ಅಂಚೆ ಕಾಲೇಜುಗಳು ಹುಟ್ಟಿಕೊಂಡವು. ವಿಲಿಯಂ ಬ್ರಿಗ್ಸ್ ೧೮೮೭ರಲ್ಲಿ ಕೇಂಬ್ರಿಜ್ಜಿನಲ್ಲಿ ಸ್ಥಾಪಿಸಿದ ಯೂನಿವರ್ಸಿಟಿ ಕರೆಸ್ಪಾಂಡೆನ್ಸ್ ಕಾಲೇಜು ಅವುಗಳಲ್ಲಿ ಪ್ರಮುಖವಾದುದು.

ಗಣಿತದ ದೃಷ್ಟಿಯಿಂದ ಇದಕ್ಕಿಂತಲೂ ಕುತೂಹಲಕರವಾದ ನಿದರ್ಶನ ಪೆನ್ಸಿಲ್ವೇನಿಯದ ಸ್ಕ್ರ್ಯಾಂಟನ್ ನಗರದ್ದು. ಅದು ಕಲ್ಲಿದ್ದಲು ಗಣಿಗಳ ಸೀಮೆ. ಗಣಿಗಳಲ್ಲಿ ಮೇಲಿಂದ ಮೇಲೆ ದುರಂತಗಳು ಸಂಭವಿಸಿದುದರಿಂದ ಗಣಿಯ ಮೇಲ್ವಿಚಾರಕರು ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿರಬೇಕೆಂದು ಆ ರಾಜ್ಯದ ೧೮೮೫ರ ಕಾನೂನು ವಿಧಿಸಿತು. ಸುರಂಗಕ್ಕೆ ಎಷ್ಟು ಗಾಳಿ ಬೇಕು, ಪಂಪು ಎಷ್ಟು ನೀರನ್ನು ಎತ್ತಬೇಕು ಎಂಬ ಲೆಕ್ಕಗಳು ಗಣಿಯಲ್ಲಿ ದುಡಿದವನಿಗೆ ಅನುಭವದಿಂದ ಗೊತ್ತಿದ್ದರೂ ಕಾಗದದ ಮೇಲೆ ಮಾಡಿ ತೋರಿಸಲು ಬಾರವು. ಗಣಿ ಪತ್ರಿಕೆಯ ಸಂಪಾದಕನಾಗಿದ್ದ ಥಾಮಸ್ ಫಾಸ್ಟರ್ ಮೊದಲು ತನ್ನ ಪತ್ರಿಕೆಯಲ್ಲಿ ಪ್ರಶ್ನೋತ್ತರಗಳನ್ನು ಪ್ರಕಟಿಸಿದನು. ತರುವಾಯ ೧೮೯೧ರಲ್ಲಿ ಅಂಚೆಯ ಪಾಠಗಳನ್ನೇ ಆರಂಭಿಸಿದನು. ಇಂಟರ್‌ನ್ಯಾಷನಲ್ ಕರೆಸ್ಪಾಂಡೆನ್ಸ್ ಸ್ಕೂಲ್ಸ್ ಎಂದು ಪ್ರಸಿದ್ಧವಾದ ಸಂಸ್ಥೆಯ ಮೂಲ ಇದು. ಪಾಠವು ಅಂಕಗಣಿತದ ಮೊದಲ ಮೆಟ್ಟಿಲಿನಿಂದ ಹೊರಟು ಸೂತ್ರಗಳ ಬಳಕೆಯತ್ತ ಸಾಗುತ್ತಿತ್ತು. ಪ್ರತಿಯೊಂದು ಪುಸ್ತಿಕೆಯ ಕೊನೆಯಲ್ಲಿ ಪ್ರಶ್ನೆಗಳಿರುತ್ತಿದ್ದವು. ಉತ್ತರಗಳು ಸ್ಕ್ರ್ಯಾಂಟನ್ನಿಗೆ ಹೋಗಿ, ತಿದ್ದಲ್ಪಟ್ಟು, ಹಿಂದಿರುಗುತ್ತಿದ್ದವು. ಇಪ್ಪತ್ತು ವರ್ಷಗಳೊಳಗಾಗಿ ಹೆಸರು ನೋಂದಾಯಿಸಿದವರ ಸಂಖ್ಯೆ ಹತ್ತು ಲಕ್ಷವನ್ನು ಮುಟ್ಟಿತು. ಆದರೆ ಕೊನೆಯ ಪುಸ್ತಿಕೆಯವರೆಗೆ ಸಾಗಿದವರು ಬಹಳ ವಿರಳ. ದಿನವೆಲ್ಲ ಗಣಿಯಲ್ಲಿ ದುಡಿದು ರಾತ್ರಿ ಒಬ್ಬಂಟಿಯಾಗಿ ಲೆಕ್ಕ ಮಾಡುವವನ ದಣಿವನ್ನು ತಿದ್ದಿದ ಕಾಗದವು ಹೋಗಲಾಡಿಸಲಾರದಷ್ಟೆ.

ಇದೇ ಕಾಲದಲ್ಲಿ ವಿಲಿಯಂ ರೇನಿ ಹಾರ್ಪರ್ ೧೮೯೨ರಲ್ಲಿ ಬಾಗಿಲು ತೆರೆದ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಅಂಚೆಯ ಬೋಧನೆಗೆ ವಿಶ್ವವಿದ್ಯಾನಿಲಯದ ಮರ್ಯಾದೆಯನ್ನು ದೊರಕಿಸಿದನು. ಅಂಚೆಯ ವಿದ್ಯಾರ್ಥಿಯು ತಾನು ಓದಿದ ಪಾಠಗಳನ್ನು ತರಗತಿಯ ವಿದ್ಯಾರ್ಥಿಗಿಂತ ಚೆನ್ನಾಗಿ ಬಲ್ಲನೆಂಬುದು ಅವನ ವಾದ. ಇದರಲ್ಲಿ ಹುರುಳಿಲ್ಲದೆ ಇಲ್ಲ. ತರಗತಿಯಲ್ಲಿ ನಲವತ್ತು ಮಂದಿಯಲ್ಲಿ ಒಬ್ಬನು ಕಪ್ಪು ಹಲಗೆಯ ಬಳಿಗೆ ಬಂದು ಲೆಕ್ಕ ಮಾಡಿದರೆ ಉಳಿದವರು ನೋಡಿ ಬರೆದುಕೊಳ್ಳಬಹುದು. ಅಂಚೆಯ ವಿದ್ಯಾರ್ಥಿ ಪ್ರತಿಯೊಂದು ಲೆಕ್ಕವನ್ನೂ ತಾನೇ ಮಾಡಬೇಕು. ಆದರೆ ಈ ಲಾಭವು ಅವನು ಬರೆದುದನ್ನು ಓದುವವನೊಬ್ಬನು ಇರುವವರೆಗೆ ಮಾತ್ರ ನಿಲ್ಲತಕ್ಕದ್ದು.

೨. ದೂರದರ್ಶನದ ಬೀಜಗಣಿತ

ಎರಡನೆಯ ಘಟ್ಟದಲ್ಲಿ ಪಾಠಕ್ಕೆ ದನಿಯೂ ರೂಪವೂ ಬಂದವು. ಅಮೆರಿಕದ ಎನ್‌ಬಿಸಿ ಸಂಸ್ಥೆಯು ೧೯೫೮ರಲ್ಲಿ ‘ಕಾಂಟಿನೆಂಟಲ್ ಕ್ಲಾಸ್‌ರೂಮ್’ ಎಂಬ ಮುಂಜಾನೆಯ ಪಾಠಮಾಲೆಯನ್ನು ಆರಂಭಿಸಿತು. ಸೋವಿಯತ್ ಒಕ್ಕೂಟವು ೧೯೫೭ರಲ್ಲಿ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಮೇಲೆ ವಿಜ್ಞಾನ ಶಿಕ್ಷಣದ ಬಗ್ಗೆ ಆ ದೇಶದಲ್ಲಿ ಎದ್ದ ಕಳವಳವೇ ಇದರ ಹಿನ್ನೆಲೆ. ಭೌತಶಾಸ್ತ್ರ, ರಸಾಯನಶಾಸ್ತ್ರಗಳ ತರುವಾಯ ೧೯೬೦–೬೧ರಲ್ಲಿ ಗಣಿತದ ಸರದಿ ಬಂದಿತು. ಮೊದಲರ್ಧದಲ್ಲಿ ಬರ್ಕ್ಲಿಯ ಜಾನ್ ಕೆಲಿ ಆಧುನಿಕ ಬೀಜಗಣಿತವನ್ನೂ, ಉತ್ತರಾರ್ಧದಲ್ಲಿ ಹಾರ್ವರ್ಡಿನ ಫ್ರೆಡರಿಕ್ ಮಾಸ್ಟೆಲರ್ ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರವನ್ನೂ ಬೋಧಿಸಿದರು. ಇಂಥ ವಿದ್ವಾಂಸರ ಪಾಠ ದೇಶದ ಮೂಲೆಮೂಲೆಗೆ ಮುಟ್ಟಿದುದು ಸಾಮಾನ್ಯ ಸಂಗತಿಯಲ್ಲ. ಆದರೆ ದೂರದರ್ಶನವು ಒಂದೇ ದಿಕ್ಕಿಗೆ ಹರಿಯುವ ಹೊಳೆ. ತೆರೆಯ ಮೇಲಿನ ಗುರುವಿಗೆ ಶಿಷ್ಯನ ಪುಸ್ತಕ ಕಾಣದು. ಹೀಗಾಗಿ ಪದವಿಗೆ ಸಲ್ಲುವ ಅಂಕಗಳನ್ನು ಬಯಸಿದವರು ಸಮೀಪದ ಕಾಲೇಜಿನಲ್ಲಿ ಹೆಸರು ನೋಂದಾಯಿಸಿ ಅಲ್ಲಿಯೇ ಪರೀಕ್ಷೆ ಕೊಡಬೇಕಾಗಿದ್ದಿತು. ಮರುದಾರಿಯ ಭಾರವು ಖ್ಯಾತಿ ಇಲ್ಲದ ಸ್ಥಳೀಯ ಅಧ್ಯಾಪಕನ ಹೆಗಲಿಗೆ ಬಿದ್ದಿತು.

ಈ ಎರಡು ಪದ್ಧತಿಗಳ ಗುಣವನ್ನು ಕೂಡಿಸಿಕೊಂಡುದು ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ. ಅದಕ್ಕೆ ೧೯೬೯ರಲ್ಲಿ ಸನ್ನದು ದೊರೆಯಿತು. ೧೯೭೧ರಲ್ಲಿ ಬೋಧನೆ ಆರಂಭವಾಯಿತು. ಮೊದಲ ವರ್ಷದ ನಾಲ್ಕು ತಳಹದಿ ಪಾಠಕ್ರಮಗಳಲ್ಲಿ ಗಣಿತವೂ ಒಂದು. ಪ್ರವೇಶಕ್ಕೆ ಹಿಂದಿನ ಪರೀಕ್ಷೆಗಳ ಅರ್ಹತೆಯನ್ನು ಕೇಳದಿದ್ದುದರಿಂದ, ಶಾಲೆ ಬಿಟ್ಟು ಹಲವು ವರ್ಷಗಳಾಗಿದ್ದವರೂ ಬಂದು ಸೇರಿದರು. ಬಿಬಿಸಿಯ ಪ್ರಸಾರಗಳು ಜನರ ಗಮನವನ್ನು ಸೆಳೆದುವಾದರೂ ಆ ವ್ಯವಸ್ಥೆಯ ಬೆನ್ನೆಲುಬು ಬೇರೆಯೇ ಇದ್ದಿತು. ಅಚ್ಚಾದ ಪಾಠಗಳು, ಬೋಧಕರು ತಿದ್ದುವ ಅಭ್ಯಾಸಗಳು, ಗಣಕಯಂತ್ರವು ತಿದ್ದುವ ಅಭ್ಯಾಸಗಳು, ಊರೂರಿನ ಅಧ್ಯಯನ ಕೇಂದ್ರಗಳು, ಬೇಸಗೆಯ ವಾಸ್ತವ್ಯ ಶಾಲೆಗಳು ಇವೆಲ್ಲ ಸೇರಿ ವಿದ್ಯಾರ್ಥಿಯ ಬರವಣಿಗೆಗೆ ಹಿಂದಿರುಗುವ ದಾರಿಗಳನ್ನು ಕಲ್ಪಿಸಿದುವು. ಸಾಮಾನ್ಯ ಉತ್ತರಗಳನ್ನು ಯಂತ್ರಕ್ಕೂ ಪೂರ್ಣ ಸಾಧನೆಗಳನ್ನು ಮನುಷ್ಯನಿಗೂ ಹಂಚಿಕೊಟ್ಟ ಈ ವಿವೇಕವು ಇಂದಿಗೂ ಪರಿಶೀಲನೆಗೆ ಯೋಗ್ಯ.

೩. ಯಂತ್ರವೇ ತಿದ್ದುವ ಕಾಲ

ಗಣಕಯಂತ್ರದಿಂದ ಗಣಿತ ಬೋಧಿಸುವ ಪ್ರಯತ್ನ ಅಂತರಜಾಲಕ್ಕಿಂತ ಹಳೆಯದು. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಬಿಟ್ಜರ್ ಮೊದಲಾದವರು ೧೯೬೦ರಲ್ಲಿ ‘ಪ್ಲೇಟೊ’ ಎಂಬ ಬೋಧನಾ ವ್ಯವಸ್ಥೆಯನ್ನು ರೂಪಿಸಿದರು. ಅದೇ ದಶಕದಲ್ಲಿ ಸ್ಟ್ಯಾನ್‌ಫರ್ಡಿನ ಪ್ಯಾಟ್ರಿಕ್ ಸಪ್ಪೆಸ್ ಶಾಲೆಗಳಲ್ಲಿ ಟೆಲಿಟೈಪ್ ಯಂತ್ರಗಳನ್ನು ಇರಿಸಿ, ದೂರವಾಣಿ ತಂತಿಯ ಮೂಲಕ ಅಂಕಗಣಿತದ ಅಭ್ಯಾಸ ಮಾಡಿಸಿದನು. ಜ್ಞಾನದ ಯಾವ ಅಂಶ ಯಾವುದಕ್ಕೆ ಮೊದಲು ಬೇಕು ಎಂಬುದನ್ನು ಗಣಿತದ ಭಾಷೆಯಲ್ಲಿ ನಿರೂಪಿಸಿದ ಡುವಾನ್ಯೋಂ ಮತ್ತು ಫಾಲ್ಮಾನ್ಯ ಎಂಬವರ ಸಿದ್ಧಾಂತವು ೧೯೮೫ರಲ್ಲಿ ಪ್ರಕಟವಾಯಿತು. ಅದರ ಆಧಾರದ ಮೇಲೆ ಕ್ಯಾಲಿಫೋರ್ನಿಯದ ಅರ್ವೈನಿನಲ್ಲಿ ಬೆಳೆದ ‘ಅಲೆಕ್ಸ್’ ವ್ಯವಸ್ಥೆ ಇಂದು ಕಾಲೇಜು ಬೀಜಗಣಿತದ ಬೋಧನೆಯಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ವಿದ್ಯಾರ್ಥಿಯ ಉತ್ತರಗಳಿಂದ ಅವನಿಗೆ ಏನು ಬರುತ್ತದೆ, ಮುಂದೆ ಏನನ್ನು ಕಲಿಯಲು ಅವನು ಸಿದ್ಧನಾಗಿದ್ದಾನೆ ಎಂಬುದನ್ನು ಅದು ಊಹಿಸಿಕೊಳ್ಳುತ್ತದೆ. ಸ್ಕ್ರ್ಯಾಂಟನ್ನಿನ ಗಣಿಗಾರನು ಉತ್ತರಕ್ಕಾಗಿ ಅಂಚೆಯವನ ದಾರಿ ಕಾಯಬೇಕಿದ್ದಿತು. ಇಂದಿನ ವಿದ್ಯಾರ್ಥಿಗೆ ಸರಿತಪ್ಪುಗಳು ಕ್ಷಣಮಾತ್ರದಲ್ಲಿ ತಿಳಿಯುತ್ತವೆ. ಇದು ನಿಜವಾದ ಮುನ್ನಡೆಯೆಂಬುದನ್ನು ಒಪ್ಪಲೇಬೇಕು.

ಆದರೂ ಒಂದು ಉದಾಹರಣೆಯನ್ನು ಪರಿಶೀಲಿಸೋಣ. ಒಂದು ಸಂಖ್ಯೆಯ ವರ್ಗವು ಆ ಸಂಖ್ಯೆಯ ಐದರಷ್ಟಕ್ಕೆ ಸಮವಾದರೆ ಆ ಸಂಖ್ಯೆ ಯಾವುದು ಎಂಬ ಪ್ರಶ್ನೆಗೆ ೦ ಮತ್ತು ೫ ಎಂಬ ಎರಡು ಉತ್ತರಗಳುಂಟು. ಅನೇಕ ವಿದ್ಯಾರ್ಥಿಗಳು ಎರಡು ಪಕ್ಕಗಳನ್ನೂ ಆ ಅವ್ಯಕ್ತ ಸಂಖ್ಯೆಯಿಂದ ಭಾಗಿಸಿ ೫ ಎಂದಷ್ಟೇ ಬರೆಯುತ್ತಾರೆ. ಕೊನೆಯ ಉತ್ತರವನ್ನು ಮಾತ್ರ ಪಡೆಯುವ ಯಂತ್ರವು ‘ಅಪೂರ್ಣ’ ಎಂದು ಹೇಳಬಲ್ಲದು. ಇಡೀ ಕಾಗದವನ್ನು ಓದುವ ಅಧ್ಯಾಪಕನಾದರೋ ಎರಡನೆಯ ಪಂಕ್ತಿಯಲ್ಲಿ ನಿಂತು, ಭಾಗಿಸಿದ ಸಂಖ್ಯೆ ಸೊನ್ನೆಯಾಗಿದ್ದರೆ ಏನಾಗುತ್ತಿತ್ತೆಂದು ಅಂಚಿನಲ್ಲಿ ಬರೆಯುತ್ತಾನೆ. ಕಳೆದುಹೋದುದು ಒಂದು ಉತ್ತರವಾದರೂ, ತಿದ್ದಬೇಕಾದುದು ಒಂದು ತಿಳಿವಳಿಕೆ.

೪. ಸಾನ್ ಹೊಸೆಯ ಪ್ರಯೋಗ

ಈ ಚರಿತ್ರೆಯಲ್ಲಿ ವಿಶೇಷ ಪರಿಶೀಲನೆಗೆ ಅರ್ಹವಾದ ಘಟನೆ ೨೦೧೩ರದು. ಸಾವಿರಾರು ಮಂದಿಗೆ ಏಕಕಾಲದಲ್ಲಿ ಪಾಠ ಹೇಳುವ ಬೃಹತ್ ಆನ್‌ಲೈನ್ ಪಾಠಕ್ರಮಗಳು ಉನ್ನತ ಶಿಕ್ಷಣದ ವೆಚ್ಚವನ್ನು ಇಳಿಸಬಲ್ಲವೆಂಬ ಉತ್ಸಾಹ ಆಗ ಎಲ್ಲೆಡೆ ಹಬ್ಬಿತ್ತು. ಕ್ಯಾಲಿಫೋರ್ನಿಯದ ಸಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾನಿಲಯವು ಯುಡಾಸಿಟಿ ಎಂಬ ಕಂಪನಿಯೊಡನೆ ಕೂಡಿ ಮೂರು ಪಾಠಕ್ರಮಗಳನ್ನು ಏರ್ಪಡಿಸಿತು: ಪೂರ್ವಸಿದ್ಧತೆಯ ಗಣಿತ, ಕಾಲೇಜು ಬೀಜಗಣಿತ ಮತ್ತು ಪ್ರಾಥಮಿಕ ಸಂಖ್ಯಾಶಾಸ್ತ್ರ. ಒಂದೊಂದಕ್ಕೆ ಶುಲ್ಕ ೧೫೦ ಡಾಲರು. ಒಂದೊಂದರಲ್ಲಿ ಸುಮಾರು ೧೦೦ ಮಂದಿಗೆ ಅವಕಾಶ. ವಿದ್ಯಾರ್ಥಿಗಳಲ್ಲಿ ಹಿಂದೆ ಗಣಿತದಲ್ಲಿ ಅನುತ್ತೀರ್ಣರಾಗಿದ್ದವರೂ, ಓಕ್ಲೆಂಡಿನ ಪ್ರೌಢಶಾಲೆಯೊಂದರವರೂ ಇದ್ದರು. ಅವರಲ್ಲಿ ಕೆಲವರಿಗೆ ಗಣಕಯಂತ್ರದ ಅನುಕೂಲವೇ ಸರಿಯಾಗಿ ಇರಲಿಲ್ಲ. ವಸಂತ ಋತುವಿನ ಅವಧಿ ಮುಗಿದಾಗ ಬೀಜಗಣಿತದಲ್ಲಿ ತೇರ್ಗಡೆಯಾದವರು ಶೇಕಡ ೨೫ರಷ್ಟು ಮಾತ್ರ. ತರಗತಿಯಲ್ಲಿ ಕುಳಿತು ಕಲಿತವರ ಫಲಿತಾಂಶಕ್ಕಿಂತ ಇದು ಬಹಳ ಕಡಿಮೆ. ಅದೇ ವರ್ಷದ ಜುಲೈ ತಿಂಗಳಲ್ಲಿ ಮುಂದಿನ ಅವಧಿಯ ಪಾಠಗಳನ್ನು ತಡೆಹಿಡಿಯಲಾಯಿತು.

ಬೇಸಗೆಯ ಅವಧಿಯಲ್ಲಿ ಅದೇ ಬೀಜಗಣಿತದಲ್ಲಿ ಶೇಕಡ ೭೦ಕ್ಕಿಂತ ಹೆಚ್ಚು ಮಂದಿ ತೇರ್ಗಡೆಯಾದರು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಪಾಠಕ್ರಮವೇ ಮೂರು ಮಡಿ ಉತ್ತಮಗೊಂಡಿತೆಂದು ತೀರ್ಮಾನಿಸುವುದು ಚರಿತ್ರೆಯ ವಿದ್ಯಾರ್ಥಿಗೆ ತಕ್ಕುದಲ್ಲ. ಬೇಸಗೆಯಲ್ಲಿ ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲೇ ಪದವಿ ಪಡೆದಿದ್ದರು. ಅಂದರೆ ಒಂದೇ ಪಾಠವು ಎರಡು ಬೇರೆ ಜನಸಮುದಾಯಗಳನ್ನು ಎದುರಿಸಿದ್ದಿತು. ವಸಂತದ ವಿದ್ಯಾರ್ಥಿಗಳನ್ನು ಕುರಿತ ಅಧ್ಯಯನವು, ಅವರು ಪಟ್ಟ ಪರಿಶ್ರಮವೇ ತೇರ್ಗಡೆಗೆ ಬಲವಾದ ಸೂಚಕವಾಗಿದ್ದಿತೆಂದು ಕಂಡುಕೊಂಡಿತು. ಪರಿಶ್ರಮವಾದರೋ ಬಿಡುವು, ಯಂತ್ರ, ಓದಿನ ಅಭ್ಯಾಸ, ಕೇಳಿದಾಗ ಉತ್ತರಿಸುವವರು ಇವೆಲ್ಲವನ್ನೂ ಅವಲಂಬಿಸಿದ್ದು. ಅಗ್ಗದ ಪಾಠವನ್ನು ಯಾರ ಹಿತಕ್ಕೆಂದು ರೂಪಿಸಲಾಯಿತೋ ಅವರೇ ಅದರಿಂದ ಕಡಿಮೆ ಫಲ ಪಡೆದರು. ಮೊದಲೇ ಕಲಿತವರು ಹೆಚ್ಚು ಪಡೆದರು. ಸ್ಕ್ರ್ಯಾಂಟನ್ನಿನಲ್ಲಿ ಪುಸ್ತಿಕೆಗಳನ್ನು ಅರ್ಧಕ್ಕೆ ಬಿಟ್ಟವರ ಕಥೆ ಇಲ್ಲಿ ಮರುಕಳಿಸಿದೆ ಎನ್ನಬಹುದು.

೫. ನಮ್ಮ ನಾಡಿನ ನೆಲೆ

ಭಾರತದಲ್ಲಿ ಅಂಚೆಯ ಮೂಲಕ ಪದವಿ ಶಿಕ್ಷಣವನ್ನು ದೆಹಲಿ ವಿಶ್ವವಿದ್ಯಾನಿಲಯವು ೧೯೬೨ರಲ್ಲಿ ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣವು ೧೯೬೯ರಲ್ಲಿ ಮೊದಲಾಯಿತು. ಅದೇ ಬೆಳೆದು ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ೧೯೮೫ರಲ್ಲಿ ಸ್ಥಾಪಿತವಾಗಿ, ಬೀಜಗಣಿತವನ್ನೂ ಅಚ್ಚಾದ ಪಾಠಗಳು ಹಾಗೂ ಬೋಧಕರು ತಿದ್ದುವ ಅಭ್ಯಾಸಗಳ ಮೂಲಕ ಬೋಧಿಸಿತು. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೂಡಿ ೨೦೦೩ರಲ್ಲಿ ಎನ್‌ಪಿಟಿಇಎಲ್ ಯೋಜನೆಯನ್ನು ಕೈಗೊಂಡುವು. ೨೦೧೭ರಲ್ಲಿ ‘ಸ್ವಯಂ’ ಯೋಜನೆ ಉದ್ಘಾಟನೆಗೊಂಡಿತು. ೨೦೨೦ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕದ ನಿಮಿತ್ತ ಕಾಲೇಜುಗಳು ಮುಚ್ಚಿದಾಗ, ದೂರಶಿಕ್ಷಣವು ಕೆಲವರ ಆಯ್ಕೆಯಾಗಿರದೆ ಎಲ್ಲರ ಅನಿವಾರ್ಯವಾಯಿತು. ವಿದ್ಯಾರ್ಥಿಗಳು ಲೆಕ್ಕಗಳನ್ನು ಕಾಗದದ ಮೇಲೆ ಮಾಡಿ, ಮೊಬೈಲಿನಲ್ಲಿ ಚಿತ್ರ ತೆಗೆದು, ಅಧ್ಯಾಪಕರಿಗೆ ಕಳುಹಿಸಿದರು. ಪಿಟ್‌ಮನ್ನನ ಅಂಚೆಯೇ ಹೊಸ ವೇಷದಲ್ಲಿ ಬಂದಿತೆಂದರೆ ತಪ್ಪಾಗಲಾರದು.

ಮೇಲ್ಕಂಡ ಅವಲೋಕನದಿಂದ ಎರಡು ಅಂಶಗಳು ಸಿದ್ಧಿಸುತ್ತವೆ. ಒಂದನೆಯದಾಗಿ, ಕಾಲೇಜೊಂದು ಬೀಜಗಣಿತವನ್ನು ಆನ್‌ಲೈನ್ ಮೂಲಕ ಬೋಧಿಸಲು ನಿಶ್ಚಯಿಸಿದಲ್ಲಿ, ಪಾಠವು ಎಷ್ಟು ಮಂದಿಯನ್ನು ಮುಟ್ಟುತ್ತದೆ ಎಂಬ ಪ್ರಶ್ನೆಗಿಂತ ಮುಂಚೆ, ವಿದ್ಯಾರ್ಥಿಯ ಲೆಕ್ಕವನ್ನು ಯಾರು ಓದುವರು, ಒಬ್ಬರ ಪಾಲಿಗೆ ಎಷ್ಟು ಮಂದಿ, ಎಷ್ಟು ದಿನಗಳಲ್ಲಿ ಅದು ಹಿಂದಿರುಗುವುದು ಎಂಬ ಪ್ರಶ್ನೆಗಳನ್ನು ಕೇಳತಕ್ಕದ್ದು. ಹಿಂದುಳಿದ ವಿದ್ಯಾರ್ಥಿಗೆ ಈ ಪ್ರಶ್ನೆಗಳ ಉತ್ತರವೇ ಪಾಠಕ್ರಮದ ಬೆಲೆ.

ಎರಡನೆಯದು ಸಂಶೋಧಕರಿಗೆ ಸಂಬಂಧಿಸಿದುದು. ಸಂಸ್ಥೆಗಳು ತಮ್ಮ ಪ್ರಕಟಣೆಗಳನ್ನೂ ಉಪನ್ಯಾಸಗಳನ್ನೂ ಕಾಪಾಡುತ್ತವೆ. ತಿದ್ದಿದ ಅಭ್ಯಾಸ ಪತ್ರಿಕೆಯಾದರೋ ವಿದ್ಯಾರ್ಥಿಯ ಮನೆಗೆ ಹೋಗುವುದರಿಂದ ದಾಖಲೆಗಳಲ್ಲಿ ಉಳಿಯುವುದು ಅಪರೂಪ. ಹೀಗಾಗಿ ದೂರಶಿಕ್ಷಣದ ಚರಿತ್ರೆಯು ಕಳುಹಿಸಿದವರ ಚರಿತ್ರೆಯಾಗಿಯೇ ಬರೆಯಲ್ಪಟ್ಟಿದೆ. ೨೦೨೦–೨೧ರ ಲೆಕ್ಕದ ಚಿತ್ರಗಳು, ಅಧ್ಯಾಪಕರ ತಿದ್ದುಪಡಿಗಳು ಇನ್ನೂ ಹಲವರ ಬಳಿ ಇರುವುದು ಸಂಭವ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಹೆಸರುಗಳನ್ನು ಮರೆಮಾಡಿ, ಅವುಗಳಲ್ಲಿ ಕೆಲವನ್ನಾದರೂ ನಮ್ಮ ಕಾಲೇಜು ಗ್ರಂಥಾಲಯಗಳು ಸಂಗ್ರಹಿಸಿಟ್ಟರೆ, ಕಲಿತವರ ಕಡೆಯಿಂದ ಈ ಚರಿತ್ರೆಯನ್ನು ಬರೆಯುವವರಿಗೆ ಮುಖ್ಯವಾದ ಆಕರ ದೊರೆತಂತಾಗುವುದು.