ಹುಣ್ಣಿಮೆ ಯಾರ ಸ್ವತ್ತು?

ಚಂದ್ರನನ್ನು ತಿಥಿ, ನಕ್ಷತ್ರ ಅಂತ ಪಂಚಾಂಗದೊಳಗೆ ಕಟ್ಟಿಹಾಕಿದವರು ಒಂದು ಕಡೆ. ಅದೇ ಚಂದ್ರನ ಬೆಳಕಲ್ಲಿ ಕಣ ಮಾಡಿದವರು, ರಾತ್ರಿ ದಾರಿ ನಡೆದವರು ಇನ್ನೊಂದು ಕಡೆ. ಚರಿತ್ರೆ ಬರೆದುಕೊಂಡವರು ಮೊದಲಿನವರು. ನಮ್ಮವರ ಚರಿತ್ರೆ ನೀಲಗಾರರ ತಂಬೂರಿಯಲ್ಲಿ ಉಳಿದಿದೆ.

ಮಂಟೇಸ್ವಾಮಿ ಕಾವ್ಯ ನಡೆಯೋದು ನಮ್ಮ ಮಂಡ್ಯ ಸೀಮೆಯ ದಾರಿಗಳಲ್ಲೇ. ಮದ್ದೂರು ಕಡೆಯ ನಿಡಘಟ್ಟದ ಕೆಂಪಾಚಾರಿ ಶಿಷ್ಯನಾಗಿ ಸಿದ್ದಪ್ಪಾಜಿಯಾಗುತ್ತಾನೆ. ಮಳವಳ್ಳಿಯ ಹಲಗೂರಿನಲ್ಲಿ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ಕೇಳುತ್ತಾನೆ. ಹಿಂಸೆ ಉಂಡು, ಗೆದ್ದು, ಹೊಳೆಯಾಚೆಯ ಚಿಕ್ಕಲ್ಲೂರಲ್ಲಿ ನೆಲೆಯಾಗುತ್ತಾನೆ. ಪುಷ್ಯದ ಹುಣ್ಣಿಮೆ ರಾತ್ರಿ ಅಲ್ಲಿ ಚಂದ್ರಮಂಡಲ. ಬಿದಿರಿನಲ್ಲಿ ಕಟ್ಟಿದ ಮಂಡಲಕ್ಕೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಠದವರು ಬೆಂಕಿ ಇಡುತ್ತಾರೆ. ಉರಿ ಯಾವ ದಿಕ್ಕಿಗೆ ವಾಲುತ್ತೋ ಆ ದಿಕ್ಕಿಗೆ ಮಳೆಬೆಳೆ ಅನ್ನೋದು ನಂಬಿಕೆ.

ಉರಿ ವಾಲೋದು ಗಾಳಿಗೆ. ಇದನ್ನು ಹೇಳೋಕೆ ನಾವು ಅಂಜಬೇಕಾಗಿಲ್ಲ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನ. ಅಮಾಸೆ, ಹುಣ್ಣಿಮೆಗಳಲ್ಲಿ ಸೂರ್ಯ, ಭೂಮಿ, ಚಂದ್ರ ಹೆಚ್ಚುಕಡಿಮೆ ಒಂದೇ ಸಾಲಿಗೆ ಬರೋದರಿಂದ ಕಡಲಿನ ಉಬ್ಬರ ಜೋರಾಗುತ್ತೆ. ನಮ್ಮ ಕೆರೆಕಟ್ಟೆಗಳಲ್ಲಿ ಆ ಸೆಳೆತ ಕಣ್ಣಿಗೆ ಕಾಣದಷ್ಟು ಸಣ್ಣದು. ಅಮಾಸೆ ಕತ್ತಲು ಯಾರ ಮನೆಯನ್ನೂ ಹಾಳು ಮಾಡಿಲ್ಲ. ಹಾಳು ಮಾಡಿದ್ದು ಕತ್ತಲ ಹೆಸರು ಹೇಳಿ ಹೆದರಿಸಿ ದಕ್ಷಿಣೆ ಕಿತ್ತವರು.

ಹಾಗಾದರೆ ಜನ ಹುಣ್ಣಿಮೆಗೇ ಯಾಕೆ ಸೇರಿದರು? ಬಂಡಿ ಕಟ್ಟಿ, ಕಾಲ್ನಡಿಗೇಲಿ ಬರೋ ಬಡವರಿಗೆ ಕಾಸಿಲ್ಲದೆ ಸಿಗೋ ದೀಪ ಅದೊಂದೇ. 1902ರಲ್ಲಿ ಮಳವಳ್ಳಿ ಮಗ್ಗುಲ ಶಿವನಸಮುದ್ರದಲ್ಲಿ ಕಾವೇರಿ ಕರೆಂಟು ಹುಟ್ಟಿತು. ಮೊದಲು ಹೋದದ್ದು ಸುಮಾರು 150 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ. ಹೊಳೆ ಮಗ್ಗುಲಲ್ಲೇ ಇದ್ದ ಕೇರಿಗಳಿಗೆ ಬಹುಕಾಲ ಚಂದ್ರನೇ ಗತಿ. ಬೆಳಕಿಗೂ ಜಾತಿ ಇದೆ, ವರ್ಗ ಇದೆ. ಚಂದ್ರನ ಬೆಳಕಿಗೆ ಮಾತ್ರ ಯಾರೂ ಬೇಲಿ ಹಾಕಲಾಗಲಿಲ್ಲ.

ಜಾತ್ರೆಯ ನಾಲ್ಕನೇ ದಿನ ಪಂಕ್ತಿಸೇವೆ. ಅಲ್ಲೇ ಅಡುಗೆ ಮಾಡಿ, ಜಾತಿ ಎಣಿಸದೆ ಸಾಲಾಗಿ ಕೂತು ಉಣ್ಣೋದು. ಪ್ರಾಣಿಬಲಿ ತಡೆಯೋ 1959ರ ಕಾಯ್ದೆಯ ಹೆಸರಲ್ಲಿ ಈಚಿನ ವರ್ಷಗಳಲ್ಲಿ ಈ ಬಾಡೂಟಕ್ಕೂ ಅಡ್ಡಿ ಬಂತು. ಪಂಚಾಂಗದವರ ಮಡಿಗೆ ಇಲ್ಲದ ಪೊಲೀಸು ನಮ್ಮ ಎಲೆಗೆ ಯಾಕೆ?

ಚಂದ್ರನ ಪಾಠ ಮಾಡೋ ಮೇಷ್ಟ್ರುಗಳು ಉಬ್ಬರದ ಲೆಕ್ಕ ಹೇಳಲಿ. ಮೂಢನಂಬಿಕೆಯನ್ನು ಮೂಢನಂಬಿಕೆ ಅಂತಲೇ ಹೇಳಲಿ. ಅದರ ಜೊತೆಗೇ ಆ ಪಂಕ್ತಿಯ ಕತೆಯನ್ನೂ ಹೇಳಲಿ. ಉರಿಯ ದಿಕ್ಕನ್ನು ನಾವು ನಂಬದಿರಬಹುದು, ಒಂದೇ ಸಾಲಲ್ಲಿ ಕೂತ ಜನರನ್ನು ನಂಬಲೇಬೇಕು.